ಆರು ಕೋಣೆಯ ಕೇಪಿನ ಕೋವಿ: ಕಪ್ಪು ಮದ್ದಿನ ರಿವಾಲ್ವರ್ ಶೂಟಿಂಗ್ ಕಡಿಮೆ ಖರ್ಚಿನಲ್ಲಿ ಶುರು ಮಾಡುವುದು ಹೇಗೆ?

ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ತೋಟಿಗರಿಗೆ ಕೇಪಿನ ಕೋವಿ ಹೊಸ ವಸ್ತುವಲ್ಲ. ಮಂಗನೋ ಹಂದಿಯೋ ತೋಟಕ್ಕೆ ಇಳಿದಾಗ ಒಂದು ಈಡು ಹೊಡೆದರೆ ಅರ್ಧ ಕಣಿವೆಗೆ ಕೇಳಿಸುತ್ತದೆ. ಆದರೆ ಆ ಒಂದು ಈಡಿಗೆ ಎಷ್ಟು ಕೆಲಸ! ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ಮೇಲೆ ನಾರು ತುರುಕಬೇಕು, ಗಜ ಎಂಬ ಉದ್ದ ಸರಳು ಹಾಕಿ ಜಡಿಯಬೇಕು. ಆಮೇಲೆ ಚರೆ (ಸೀಸದ ಸಣ್ಣ ಗುಂಡುಗಳು), ಮತ್ತೆ ನಾರು, ಮತ್ತೆ ಗಜ. ಕೊನೆಗೆ ಕುದುರೆ (ಟ್ರಿಗರ್ ಎಳೆದಾಗ ಬಡಿಯುವ ಸುತ್ತಿಗೆ) ಎತ್ತಿ, ಬಡಿದರೆ ಕಿಡಿ ಕೊಡುವ ಪುಟ್ಟ ಕೇಪು ಕೂರಿಸಬೇಕು. ಅಷ್ಟರಲ್ಲಿ ಮಂಗ ನಾಲ್ಕು ಮರ ದಾಟಿರುತ್ತದೆ, ಆ ಮಾತು ಬೇರೆ.

ಈಗ ಯೂಟ್ಯೂಬ್‌ನಲ್ಲಿ ಕಾಣುವ ಕಪ್ಪು ಮದ್ದಿನ ರಿವಾಲ್ವರ್ ಇದರದೇ ತಮ್ಮ. ಒಂದೇ ನಳಿಗೆ, ಅದರ ಹಿಂದೆ ತಿರುಗುವ ಒಂದು ಸಿಲಿಂಡರ್, ಅದರಲ್ಲಿ ಆರು ಕೋಣೆ. ಒಂದೊಂದು ಕೋಣೆಯೂ ಒಂದೊಂದು ಪುಟ್ಟ ಕೇಪಿನ ಕೋವಿ. ತೋಟಾ (ಕಾರ್ಟ್ರಿಜ್) ಇಲ್ಲ, ಹಿತ್ತಾಳೆಯ ಖೋಲು ಇಲ್ಲ. ಮದ್ದು, ಸೀಸದ ಗುಂಡು, ಕೇಪು, ಇಷ್ಟೇ. ಅಮೆರಿಕದಲ್ಲಿ ಇದು ದೊಡ್ಡ ಹವ್ಯಾಸ. ಯುರೋಪಿನಲ್ಲೂ ಇದೆ.

ಇದರ ಬಗ್ಗೆ ಕೇಳುವವರು ನಮ್ಮಲ್ಲಿ ಎರಡು ಥರ. ಒಂದು, ಇಲ್ಲಿಂದ ಹೋಗಿ ಟೆಕ್ಸಾಸಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಕೆಲಸಕ್ಕಿರುವ ಹುಡುಗರು. "ಅಪ್ಪಚ್ಚಿ, ಇಲ್ಲಿ ಇದಕ್ಕೆ ಲೈಸೆನ್ಸೇ ಬೇಡ್ವಂತೆ, ತಗೊಳ್ಳಲಾ?" ಅಂತ ಫೋನ್ ಮಾಡುತ್ತಾರೆ. ಇನ್ನೊಂದು, ಇಲ್ಲೇ ಕೂತು ವಿಡಿಯೋ ನೋಡಿ ಕೈ ತುರಿಸಿಕೊಳ್ಳುವವರು. ಇಬ್ಬರಿಗೂ ಉತ್ತರ ಬೇರೆ ಬೇರೆ. ಆದರೆ ಯಂತ್ರ ಒಂದೇ. ಹಾಗಾಗಿ ಮೊದಲು ಯಂತ್ರ.

ಒಳಗೆ ಏನಿದೆ

ಸ್ಯಾಮ್ಯುಯೆಲ್ ಕೋಲ್ಟ್ ಅಮೆರಿಕದಲ್ಲಿ ರಿವಾಲ್ವರಿಗೆ ಪೇಟೆಂಟ್ ಪಡೆದದ್ದು 1836ರಲ್ಲಿ. ಇವತ್ತು ಜನ ಹೊಡೆಯುವುದು ಹೆಚ್ಚಾಗಿ ಅದರ ನಂತರದ ಮಾದರಿಗಳ ನಕಲು: ಕೋಲ್ಟ್ 1851 ನೇವಿ, ಕೋಲ್ಟ್ 1860 ಆರ್ಮಿ, ಮತ್ತೆ 1858ರ ರೆಮಿಂಗ್ಟನ್ ಅಂತ ಕರೆಯುವ ಮಾದರಿ. ನಕಲು ಎಂದರೆ ಆಟಿಕೆ ಅಲ್ಲ. ಇಟಲಿಯ ಬ್ರೆಷಿಯಾ ಸುತ್ತಮುತ್ತ ಪಿಯೆಟ್ಟಾ, ಉಬೆರ್ಟಿ ಎಂಬ ಕಂಪನಿಗಳು ಇವನ್ನು ಮಾಡುತ್ತವೆ. ಆ ಕಡೆಯವರಿಗೆ ಬಂದೂಕು ಮಾಡುವುದು ನೂರಾರು ವರ್ಷಗಳ ಕಸುಬು. ಗುಂಡು ನಿಜ, ಬೆಂಕಿ ನಿಜ, ತಾಗಿದರೆ ಸಾವೂ ನಿಜ.

ಸಿಲಿಂಡರಿನ ಪ್ರತಿ ಕೋಣೆಯ ಹಿಂದೆ ಒಂದು ಸಣ್ಣ ತೂತಿನ ಮೊಳೆ ಇರುತ್ತದೆ. ಅದಕ್ಕೆ ನಿಪಲ್ ಎನ್ನುತ್ತಾರೆ. ಅದರ ತಲೆಗೆ ತಾಮ್ರದ ಟೊಪ್ಪಿಯಂತೆ ಕೇಪು ಕೂರುತ್ತದೆ. ಟ್ರಿಗರ್ ಎಳೆದಾಗ ಕುದುರೆ ಬಿದ್ದು ಕೇಪು ಸಿಡಿಯುತ್ತದೆ. ಆ ಕಿಡಿ ತೂತಿನಿಂದ ಒಳಗೆ ನುಗ್ಗಿ ಮದ್ದಿಗೆ ತಾಗುತ್ತದೆ. ಮದ್ದು ಉರಿದು ಹೊಗೆಯಾಗಿ ಹಿಗ್ಗುತ್ತದೆ, ಗುಂಡು ಹೊರಡುತ್ತದೆ. ಕುದುರೆಯನ್ನು ಮತ್ತೆ ಹೆಬ್ಬೆರಳಲ್ಲಿ ಎಳೆದರೆ ಸಿಲಿಂಡರ್ ಒಂದು ಮನೆ ತಿರುಗಿ ಮುಂದಿನ ಕೋಣೆ ನಳಿಗೆಗೆ ಸರಿಯಾಗಿ ಬಂದು ನಿಲ್ಲುತ್ತದೆ.

ಕಪ್ಪು ಮದ್ದು ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ತೇರಿನ ದಿನ ಗರ್ನಾಲು ಹೊಡೆದಾಗ ಮೂಗಿಗೆ ಅಡರುವ ವಾಸನೆ ಇದರದ್ದೇ. ಇದನ್ನು ಮನೆಯಲ್ಲಿ ಕುಟ್ಟಿ ಅರೆದು ಮಾಡಿಕೊಳ್ಳುವ ಯೋಚನೆ ಯಾರಿಗಾದರೂ ಬಂದಿದ್ದರೆ ಇಲ್ಲೇ ಬಿಡಿ. ಲೈಸೆನ್ಸ್ ಇಲ್ಲದೆ ಸ್ಫೋಟಕ ತಯಾರಿಸುವುದು ಅಪರಾಧ. ಅದಕ್ಕಿಂತ ಮೊದಲು ಅದು ಕೈ, ಕಣ್ಣು ತೆಗೆಯುವ ಕೆಲಸ. ಪಟಾಕಿ ಗೋದಾಮುಗಳ ಸುದ್ದಿ ಓದುತ್ತಿರುತ್ತೇವಲ್ಲ.

ಈ ಮದ್ದಿನ ಗುಣ ಗೊತ್ತಿದ್ದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ಈಗಿನ ತೋಟಾಗಳಲ್ಲಿರುವ ಹೊಗೆಯಿಲ್ಲದ ಮದ್ದಿಗೆ ಹೋಲಿಸಿದರೆ ಇದು ಹುಟ್ಟಿಸುವ ಒತ್ತಡ ಕಡಿಮೆ. ಅದಕ್ಕೇ ಹಳೇ ಕಾಲದ ಮೆದು ಕಬ್ಬಿಣದ ಸಿಲಿಂಡರುಗಳೂ ತಡೆದುಕೊಂಡವು. ಹಾಗಾಗಿಯೇ ಈ ರಿವಾಲ್ವರಿಗೆ ಹೊಗೆಯಿಲ್ಲದ ಮದ್ದು ಒಂದು ಚಿಟಿಕೆಯೂ ಹಾಕುವಂತಿಲ್ಲ. ಹಾಕಿದರೆ ಸಿಲಿಂಡರ್ ಕೈಯಲ್ಲೇ ಒಡೆಯಬಹುದು. ಎರಡನೇ ಗುಣ ಗಲೀಜು. ಕಪ್ಪು ಮದ್ದು ಉರಿದ ಮೇಲೆ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಗಟ್ಟಿ ಮಸಿಯಾಗಿ ಉಳಿಯುತ್ತದೆ. ಆ ಬಿಳಿ ಹೊಗೆ, ಕೈಗೆಲ್ಲ ಮೆತ್ತುವ ಕಪ್ಪು, ನಾಲ್ಕು ಸುತ್ತು ಹೊಡೆಯುವಷ್ಟರಲ್ಲಿ ಬಿಗಿಯಾಗಿ ತಿರುಗಲು ಒಲ್ಲದ ಸಿಲಿಂಡರ್, ಎಲ್ಲದಕ್ಕೂ ಕಾರಣ ಇದೇ.

ಒಂದು ಕೋಣೆ ತುಂಬುವ ಕೆಲಸ

ಅವಸರದವರಿಗೆ ಇದು ಹೇಳಿ ಮಾಡಿಸಿದ ಆಟವಲ್ಲ. ಒಂದು ಕೋಣೆ ತುಂಬುವುದನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ.

ಮೊದಲು ಖಾಲಿ ರಿವಾಲ್ವರಿಗೆ ಆರೂ ಕೇಪು ಹಾಕಿ, ಗುರಿಯ ದಿಕ್ಕಿಗೇ ಹಿಡಿದು ಸುಮ್ನೆ ಸಿಡಿಸುತ್ತಾರೆ. ನಿಪಲ್ ತೂತಿನಲ್ಲಿ ಕೂತ ಎಣ್ಣೆ, ತೇವ ಹೋಗಲಿ ಅಂತ. ಕೆಳಗೆ ಒಂದು ಹುಲ್ಲಿನ ಎಸಳು ಅಲ್ಲಾಡಿತು ಅಂದರೆ ತೂತು ತೆರೆದಿದೆ ಎಂದು ಲೆಕ್ಕ. ಆಮೇಲೆ ಸಿಡಿದ ಕೇಪುಗಳನ್ನು ತೆಗೆದು, ಕುದುರೆಯನ್ನು ಅರ್ಧಕ್ಕೆ ಎಳೆದು ನಿಲ್ಲಿಸಬೇಕು. ಆ ಅರ್ಧದ ಸ್ಥಾನದಲ್ಲಿ ಮಾತ್ರ ಸಿಲಿಂಡರ್ ಕೈಯಿಂದ ತಿರುಗುತ್ತದೆ.

ಮದ್ದನ್ನು ಡಬ್ಬಿಯಿಂದ ನೇರವಾಗಿ ಸುರಿಯಬಾರದು. ಒಂದು ಚಿಕ್ಕ ಹಿತ್ತಾಳೆ ಅಳತೆಗೆ ಹಾಕಿ, ಅದರಿಂದ ಕೋಣೆಗೆ. ಕಾರಣ ಸರಳ. ಹಿಂದಿನ ಈಡಿನ ಕೆಂಡದ ಚೂರು ಒಳಗೆ ಉಳಿದಿದ್ದರೆ ಅಳತೆಯಷ್ಟು ಮದ್ದು ಉರಿಯುತ್ತದೆ. ಡಬ್ಬಿ ಹಿಡಿದಿದ್ದರೆ ಡಬ್ಬಿಯೇ ಉರಿಯುತ್ತದೆ. ಅಳತೆ ಗ್ರೇನ್ ಲೆಕ್ಕದಲ್ಲಿ. ಒಂದು ಗ್ರಾಮಿಗೆ ಸುಮಾರು 15.4 ಗ್ರೇನ್. .36 ಅಳತೆಯ (ನಳಿಗೆಯ ಒಳಗಲಕ್ಕೆ ಇಂಚಿನಲ್ಲಿ ಇಟ್ಟ ಹೆಸರು) ರಿವಾಲ್ವರಿಗೆ 15ರಿಂದ 20 ಗ್ರೇನ್, .44ಕ್ಕೆ 25ರ ಆಸುಪಾಸು ಮಾಮೂಲು. ಅಂದರೆ ಸುಮಾರು ಒಂದರಿಂದ 1.6 ಗ್ರಾಮ್. ಮಾಡಿದ ಕಂಪನಿಯ ಕೈಪಿಡಿ ಏನು ಹೇಳುತ್ತದೋ ಅದೇ ಕೊನೆಯ ಮಾತು.

ಗುರಿಗೆ ಹೊಡೆಯುವವರು ಮದ್ದು ಕಡಿಮೆ ಹಾಕುತ್ತಾರೆ. ಆಗ ಕೋಣೆಯಲ್ಲಿ ಜಾಗ ಉಳಿದು ಗುಂಡು ತೀರಾ ಒಳಗೆ ಹೋಗಿ ಕೂರುತ್ತದೆ. ಅದನ್ನು ತುಂಬಲು ಅಮೆರಿಕದವರು ಏನು ಹಾಕುತ್ತಾರೆ ಗೊತ್ತಾ? ಗೋಧಿ ರವೆ. ಬೆಳಗಿನ ಗಂಜಿಗೆ ಅಲ್ಲಿ ಮಾರುವ ಸಣ್ಣ ರವೆಯನ್ನೇ ಮದ್ದಿನ ಮೇಲೆ ಒಂದಿಷ್ಟು ಸುರಿದು ಮೇಲೆ ಗುಂಡು ಇಡುತ್ತಾರೆ. ಉಪ್ಪಿಟ್ಟಿನ ಸಾಮಾನಿಗೆ ಇಂಥದ್ದೊಂದು ಉಪಯೋಗ ಇದೆ ಎಂದು ನಮ್ಮ ಮನೆಯವರಿಗೆ ಹೇಳಿದರೆ ನಂಬಲಿಲ್ಲ.

ಈಗ ಗುಂಡು. ಇದರಲ್ಲಿ ಒಂದು ಜಾಣತನ ಇದೆ. ಗುಂಡು ಕೋಣೆಗಿಂತ ಕೂದಲೆಳೆಯಷ್ಟು ದಪ್ಪ. ಕೋಣೆಯ ಬಾಯಿಗೆ ಇಟ್ಟರೆ ಒಳಗೆ ಹೋಗುವುದಿಲ್ಲ, ಮೇಲೆ ಕೂತಿರುತ್ತದೆ. ಆ ಕೋಣೆಯನ್ನು ನಳಿಗೆಯ ಕೆಳಗಿರುವ ಸನ್ನೆಯ ಅಡಿಗೆ ತಿರುಗಿಸಿ ಒತ್ತಬೇಕು. ಕೈಗೆ ಒಂದು ಬಿಗಿ ಸಿಗುತ್ತದೆ, ಆಮೇಲೆ ಗುಂಡು ಜಾರಿ ಒಳಗೆ ಇಳಿಯುತ್ತದೆ. ಕೋಣೆಯ ಬಾಯಲ್ಲಿ, ಉಗುರು ಕತ್ತರಿಸಿದಂತೆ, ಸೀಸದ ಒಂದು ತೆಳು ಉಂಗುರ ಉಳಿಯುತ್ತದೆ. ಉಂಗುರ ಪೂರ್ತಿ ಸುತ್ತು ಬಂದಿದ್ದರೆ ಕೋಣೆ ಎಲ್ಲಾ ಕಡೆಯಿಂದ ಮುಚ್ಚಿದೆ ಎಂದರ್ಥ. ಅರ್ಧ ಚಂದ್ರನಂತೆ ಬಂದರೆ ಗುಂಡು ಸಣ್ಣದಾಯಿತು. ಸೀಸ ಶುದ್ಧವಾಗಿ, ಮೆದುವಾಗಿ ಇರಬೇಕು. ಗಟ್ಟಿ ಮಿಶ್ರಲೋಹವಾದರೆ ಒತ್ತುವ ಸನ್ನೆಯೇ ಬಾಗುತ್ತದೆ. ಇನ್ನೊಂದು, ಗುಂಡು ಮದ್ದಿನ (ರವೆ ಹಾಕಿದ್ದರೆ ರವೆಯ) ಮೇಲೆ ತಾಗಿಯೇ ಕೂರಬೇಕು. ನಡುವೆ ಗಾಳಿ ಉಳಿಯಬಾರದು.

ಈ ಮುಚ್ಚುವಿಕೆಗೆ ಯಾಕಿಷ್ಟು ಒತ್ತು ಅಂದರೆ, ಒಂದು ಕೋಣೆ ಹೊಡೆದಾಗ ಬೆಂಕಿ ಪಕ್ಕದ ಕೋಣೆಗೆ ಹಾರಿ ಅದೂ ಸಿಡಿಯಬಹುದು. ಆ ಗುಂಡಿಗೆ ಎದುರು ನಳಿಗೆ ಇಲ್ಲ. ಎಡಗೈ ಸಿಲಿಂಡರಿನ ಮುಂದೆ ಇದ್ದರೆ ಬೆರಳು ಹೋಯಿತು. ಬೆಂಕಿ ಮುಂದಿನಿಂದ ಹಾರುತ್ತದೋ, ಹಿಂದೆ ಸಡಿಲ ಕೇಪಿನ ಮೂಲಕ ಬರುತ್ತದೋ ಎಂಬುದಕ್ಕೆ ಈ ಆಟದವರಲ್ಲಿ ಎರಡು ಪಂಗಡಗಳಿವೆ. ವಾದ ಇನ್ನೂ ಮುಗಿದಿಲ್ಲ. ನನ್ನ ಮಟ್ಟಿಗೆ ಆ ವಾದಕ್ಕೆ ಅರ್ಥವಿಲ್ಲ. ಗುಂಡೂ ಬಿಗಿ ಇರಲಿ, ಕೇಪೂ ಬಿಗಿ ಇರಲಿ, ಎರಡೂ ಕೈ ಹಿಡಿಯಲ್ಲೇ ಇರಲಿ. ಅಷ್ಟು ಮಾಡಿದವನಿಗೆ ಯಾವ ಪಂಗಡ ಗೆದ್ದರೇನು?

ಗುಂಡಿನ ಮೇಲೆ ಅಥವಾ ಕೆಳಗೆ ಜಿಡ್ಡು ಬೇಕು. ಮಸಿ ಮೆತ್ತಗಿರಲಿ ಅಂತ. ಪೆಟ್ರೋಲಿಯಂ ಗ್ರೀಸ್ ಹಾಕಿದರೆ ಕಪ್ಪು ಮದ್ದಿನ ಮಸಿ ಜೊತೆ ಸೇರಿ ಡಾಂಬರಿನಂತೆ ಅಂಟುತ್ತದೆ. ಜೇನುಮೇಣಕ್ಕೆ ಸಸ್ಯದ ಎಣ್ಣೆಯನ್ನೋ ಪ್ರಾಣಿಯ ಕೊಬ್ಬನ್ನೋ ಸೇರಿಸಿದ ಮಿಶ್ರಣ ಒಳ್ಳೆಯದು. ಜೇನುಮೇಣಕ್ಕೆ ಶಿರಸಿಯವರು ಯಾರ ಹತ್ತಿರವೂ ಕೇಳಬೇಕಾಗಿಲ್ಲ, ಅಲ್ವಾ?

ಕೇಪು ಕೊನೆಗೆ. ಗುರಿಕಟ್ಟೆಯಲ್ಲಿ ನಿಂತು, ನಳಿಗೆ ಗುರಿಯ ಕಡೆಗಿದ್ದಾಗ ಮಾತ್ರ. ಕುದುರೆ ಬಿದ್ದರೂ ಈಡು ಹೋಗದಿದ್ದರೆ ನಳಿಗೆ ತಿರುಗಿಸಿ ನೋಡುವ ಚಾಳಿ ಬೇಡ. ಹಾಗೇ ಗುರಿಯತ್ತ ಹಿಡಿದು ಒಂದು ನಿಮಿಷ ಕಾಯಬೇಕು. ಕಿಡಿ ತಡವಾಗಿ ತಲುಪುವುದುಂಟು.

ಹೀಗೆ ಆರು ಕೋಣೆ ತುಂಬಲು ಹೊಸಬರಿಗೆ ಹತ್ತು ನಿಮಿಷ ಬೇಕು. ಖಾಲಿ ಮಾಡಲು ಒಂದು ನಿಮಿಷ. ಈ ಆಟ ಅಗ್ಗವಾಗಿರುವ ಗುಟ್ಟು ಇಲ್ಲೇ ಇದೆ. ಈಗಿನ ಪಿಸ್ತೂಲು ಹಿಡಿದವನು ಅರ್ಧ ಗಂಟೆಯಲ್ಲಿ ನೂರು ತೋಟಾ ಉಡಾಯಿಸಿ ಮನೆಗೆ ಹೋಗುತ್ತಾನೆ. ಇಲ್ಲಿ ಅರ್ಧ ಗಂಟೆಗೆ ಹದಿನೆಂಟು ಈಡು ಹೊಡೆದರೆ ಜಾಸ್ತಿ. ಒಂದೊಂದನ್ನೂ ಕೈಯಾರೆ ಕಟ್ಟಿದ್ದರಿಂದ ಒಂದೊಂದನ್ನೂ ನೋಡಿ ಹೊಡೆಯುತ್ತಾನೆ.

ದುಡ್ಡಿನ ಲೆಕ್ಕ, ಅಮೆರಿಕದಲ್ಲಿರುವವರಿಗೆ

ಅಲ್ಲಿ ಲೈಸೆನ್ಸ್ ಬೇಡ ಎಂಬ ಮಾತು ಬಂದಿದ್ದು 1968ರ ಫೆಡರಲ್ ಬಂದೂಕು ಕಾನೂನಿನಿಂದ. 1898 ಅಥವಾ ಅದಕ್ಕೂ ಮೊದಲು ತಯಾರಾದ ಬಂದೂಕುಗಳು, ಮತ್ತೆ ಈಗಿನ ತೋಟಾ ಹಾಕಲು ಬಾರದ ಅವುಗಳ ನಕಲುಗಳು, ಆ ಕಾನೂನಿನ ಕಣ್ಣಲ್ಲಿ ಪುರಾತನ ವಸ್ತು. ಹಾಗಾಗಿ ಎಷ್ಟೋ ರಾಜ್ಯಗಳಲ್ಲಿ ಅಂಚೆಯಲ್ಲೇ ಮನೆಗೆ ಬರುತ್ತವೆ. ಆದರೆ ಎಲ್ಲಾ ರಾಜ್ಯಗಳಲ್ಲಿ ಅಲ್ಲ. ನಮ್ಮವರು ತುಂಬಿರುವ ನ್ಯೂಜೆರ್ಸಿಯಲ್ಲಿ ಕಪ್ಪು ಮದ್ದಿನ ಕೈಬಂದೂಕಿಗೂ ಪರ್ಮಿಟ್ ಬೇಕು. ಇನ್ನು ಎಚ್-1ಬಿಯಂಥ ವೀಸಾದಲ್ಲಿರುವವರಿಗೆ ಮಾಮೂಲಿ ಬಂದೂಕು, ತೋಟಾ ಇಟ್ಟುಕೊಳ್ಳಲು ಫೆಡರಲ್ ಕಾನೂನಿನಲ್ಲೇ ನಿರ್ಬಂಧ ಇದೆ. ಪುರಾತನ ವಸ್ತುವಿನ ಲೆಕ್ಕ ಬೇರೆ ಇದ್ದರೂ, ವೀಸಾ ಮೇಲಿರುವವರು ವಕೀಲರನ್ನು ಕೇಳದೆ ಮುಂದುವರಿಯಬಾರದು. ಒಂದು ಹವ್ಯಾಸಕ್ಕಾಗಿ ಗ್ರೀನ್ ಕಾರ್ಡ್ ಸಿಗುವ ಅವಕಾಶ ಕಳೆದುಕೊಳ್ಳುವುದು ಯಾವ ಬುದ್ಧಿವಂತಿಕೆ?

ಇದೆಲ್ಲ ಸರಿ ಇದ್ದವರಿಗೆ ಮೊದಲ ಪ್ರಶ್ನೆ ಹಿತ್ತಾಳೆಯೋ ಉಕ್ಕೋ. ಹಿತ್ತಾಳೆ ಚೌಕಟ್ಟಿನ ರಿವಾಲ್ವರ್ ಎಲ್ಲಕ್ಕಿಂತ ಅಗ್ಗ. ನೋಡಲೂ ಚೆಂದ, ಹೊಳೆಯುತ್ತದೆ. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರು ಉಕ್ಕು ಸಿಗದೆ ಹಿತ್ತಾಳೆಯ ಚೌಕಟ್ಟು ಬಳಸಿದ್ದರು. ತೊಂದರೆ ಏನೆಂದರೆ ಹಿತ್ತಾಳೆ ಮೆದು. ಮದ್ದು ಜಾಸ್ತಿ ಹಾಕಿ ಹೊಡೆಯುತ್ತಾ ಹೋದರೆ ಚೌಕಟ್ಟು ಹಿಗ್ಗಿ ಸಿಲಿಂಡರ್ ಲಟಪಟ ಎನ್ನತೊಡಗುತ್ತದೆ. ಅದನ್ನು ರಿಪೇರಿ ಮಾಡುವ ಬದಲು ಹೊಸದನ್ನು ಕೊಳ್ಳುವುದೇ ವಾಸಿ. ಉಕ್ಕಿಗೆ ಇನ್ನೊಂದಿಷ್ಟು ಡಾಲರ್ ಹೆಚ್ಚು ಬಿದ್ದರೂ, ಎರಡು ತಿಂಗಳು ಕಾದು ಉಕ್ಕಿನದ್ದೇ ತೆಗೆದುಕೊಳ್ಳಿ ಅಂತ ನಾನು ಹೇಳುತ್ತೇನೆ. ಹಿತ್ತಾಳೆಯೇ ಬೇಕು ಎಂದರೆ .36 ಅಳತೆ ಇರಲಿ, ಮದ್ದು ಹಗುರವಾಗಿರಲಿ.

ಕೋಲ್ಟೋ ರೆಮಿಂಗ್ಟನ್ನೋ ಎಂಬುದು ಎರಡನೇ ಪ್ರಶ್ನೆ. ಕೋಲ್ಟಿಗೆ ಸಿಲಿಂಡರಿನ ಮೇಲೆ ಪಟ್ಟಿ ಇಲ್ಲ. ಒಂದು ಬೆಣೆ ಹೊಡೆದು ತೆಗೆದರೆ ನಳಿಗೆ, ಸಿಲಿಂಡರ್, ಚೌಕಟ್ಟು ಮೂರೂ ಬೇರೆಯಾಗುತ್ತವೆ. ತೊಳೆಯಲು ಸುಲಭ. ಆದರೆ ಸಿಡಿದ ಕೇಪಿನ ಚೂರು ಒಳಗೆ ಬಿದ್ದು ಸಿಕ್ಕಿಹಾಕಿಕೊಳ್ಳುವುದು ಇದರ ಹುಟ್ಟುಗುಣ. ಗುರಿ ಹಿಡಿಯುವ ನೋಟವನ್ನು (ಸೈಟ್) ದೂರಕ್ಕೆ ಹೊಂದಿಸಿದ್ದರಿಂದ ಹತ್ತಿರದ ಗುರಿಗೆ ಮೇಲೆ ಹೊಡೆಯುತ್ತದೆ. ರೆಮಿಂಗ್ಟನ್ನಿಗೆ ಮೇಲೆ ಗಟ್ಟಿ ಪಟ್ಟಿ ಇದೆ, ನೋಟ ಕೂರಿಸಿದ ಜಾಗ ಸ್ಥಿರ, ಸಿಲಿಂಡರ್ ಒಂದೇ ಪಿನ್ನಿನಲ್ಲಿ ಕಳಚುತ್ತದೆ. ಮಸಿಗೆ ಮಾತ್ರ ಬೇಗ ಬಿಗಿಯುತ್ತದೆ. ಗುರಿ ಹೊಡೆಯಲು ಶುರು ಮಾಡುವವರಿಗೆ ರೆಮಿಂಗ್ಟನ್ ಸರಿ. ಚರಿತ್ರೆಯ ಹುಚ್ಚು ಇರುವವರು ಯಾರು ಏನೇ ಹೇಳಿದರೂ ಕೋಲ್ಟನ್ನೇ ಕೊಳ್ಳುತ್ತಾರೆ.

ಮುಂದಿನ ಖರ್ಚು ಸಣ್ಣದು. ಒಂದು ಪೌಂಡ್ ಮದ್ದು ಅಂದರೆ 7000 ಗ್ರೇನ್. 25 ಗ್ರೇನಿನಂತೆ 280 ಈಡು, 20ರಂತೆ 350. ಕೇಪು ನೂರರ ಡಬ್ಬಿಯಲ್ಲಿ ಬರುತ್ತದೆ, ಹಾಗಾಗಿ ಒಂದು ಪೌಂಡ್ ಮದ್ದಿಗೆ ಮೂರರಿಂದ ನಾಲ್ಕು ಡಬ್ಬಿ. ಗುಂಡು ಕೊಳ್ಳಬಹುದು. ಅಚ್ಚು ಇಟ್ಟುಕೊಂಡು ಸೀಸ ಕರಗಿಸಿ ಎರೆಯುವವರೂ ಇದ್ದಾರೆ. ದುಡ್ಡು ಉಳಿಯುತ್ತದೆ ನಿಜ, ಆದರೆ ಸೀಸದ ಹೊಗೆ ವಿಷ. ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ದರೆ ಸಿಡಿದು ಮುಖಕ್ಕೆ ಹಾರುತ್ತದೆ. ಮೊದಲ ವರ್ಷ ಕೊಂಡೇ ಹೊಡೆಯುವುದು ಒಳ್ಳೆಯದು.

ಉಳಿದಂತೆ ಮದ್ದಿನ ಅಳತೆ, ನಿಪಲ್ ಬಿಚ್ಚುವ ಕೀಲಿ, ಒಂದು ಸರಳು, ಹಳೇ ಪಂಚೆ ಹರಿದ ಬಟ್ಟೆ ಚೂರು. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ. ಕೊನೆಯ ಎರಡರಲ್ಲಿ ಉಳಿತಾಯ ಮಾಡಬೇಡಿ. ಕೇಪಿನ ತಾಮ್ರದ ಚೂರು ಎಲ್ಲಿಗೆ ಹಾರುತ್ತದೆ ಎಂದು ಹೇಳಲು ಬರುವುದಿಲ್ಲ. ಮರದ ಪೆಟ್ಟಿಗೆ, ಚರ್ಮದ ಚೀಲ, ಕೌಬಾಯ್ ಟೊಪ್ಪಿ ಎಲ್ಲಾ ಆಮೇಲೆ.

ತೊಳೆಯದವನಿಗೆ ಇದು ದಕ್ಕುವುದಿಲ್ಲ

ಹೊಡೆದ ದಿನವೇ ತೊಳೆಯಬೇಕು. ನಾಳೆ ಎಂದರೆ ಆಯಿತು. ಮಸಿಯಲ್ಲಿರುವ ಪೊಟ್ಯಾಶಿಯಂ ಲವಣಗಳು ಗಾಳಿಯ ತೇವವನ್ನು ಎಳೆದುಕೊಂಡು ಉಕ್ಕಿಗೆ ತುಕ್ಕು ಹಿಡಿಸುತ್ತವೆ. ಕಾರವಾರದಂಥ ಊರಿನಲ್ಲಿ ಕಿಟಕಿ ಸರಳು, ಸೈಕಲ್ ಚೈನು, ಗೇಟಿನ ಕೀಲು ಎಲ್ಲವನ್ನೂ ಉಪ್ಪುಗಾಳಿ ಹೇಗೆ ತಿನ್ನುತ್ತದೆ ಎಂದು ನೋಡಿದವರಿಗೆ ಬೇರೆ ವಿವರಣೆ ಬೇಡ. ಸಮುದ್ರಕ್ಕೆ ಹತ್ತಿರದ ಹ್ಯೂಸ್ಟನ್ನಿನಲ್ಲಿರುವ ನಮ್ಮ ಹುಡುಗರಿಗೂ ಇದೇ ಕಥೆ.

ದುಬಾರಿ ದ್ರಾವಣ ಏನೂ ಬೇಡ. ಬಿಸಿನೀರು, ಪಾತ್ರೆ ಸೋಪು ಸಾಕು. ಕಳಚಿದ ನಳಿಗೆ, ಸಿಲಿಂಡರ್ ಬಕೆಟ್ಟಿಗೆ ಹಾಕಿದ ಕೂಡಲೇ ನೀರು ಕಪ್ಪಾಗಿ ಕೊಳೆತ ಮೊಟ್ಟೆಯ ನಾತ ಎದ್ದೇಳುತ್ತದೆ. ಗಂಧಕದ ಪ್ರಭಾವ ಅದು. ಹೆದರಬೇಕಾಗಿಲ್ಲ, ಆದರೆ ಅಡುಗೆಮನೆಯಲ್ಲಿ ಮಾತ್ರ ಮಾಡಬೇಡಿ. ನಿಪಲ್‌ಗಳನ್ನು ಒಂದೊಂದಾಗಿ ಬಿಚ್ಚಿ ತೂತು ಬೆಳಕಿಗೆ ಹಿಡಿದು ನೋಡಬೇಕು. ಬಟ್ಟೆ ಚೂರು ಬಿಳಿಯಾಗಿ ಹೊರಬರುವ ತನಕ ಸರಳು ಆಡಿಸಬೇಕು. ನೀರು ಬಿಸಿ ಇದ್ದಷ್ಟೂ ಲೋಹ ತಾನೇ ಬೇಗ ಒಣಗುತ್ತದೆ. ಒಣಗಿದ ಮೇಲೆ ತೆಳುವಾಗಿ ಎಣ್ಣೆ. ಒಟ್ಟಿಗೆ ಒಂದು ಗಂಟೆಯ ಕೆಲಸ. ಹೊಡೆದು ಬಂದ ಸುಸ್ತಿನಲ್ಲಿ ಬೇಸರ ಬರುತ್ತದೆ. ಎಷ್ಟೋ ಜನ ಈ ಹವ್ಯಾಸ ಬಿಡುವುದು ದುಡ್ಡಿಗಲ್ಲ, ಈ ಒಂದು ಗಂಟೆಗೆ.

ಇಲ್ಲೇ ಇರುವವರಿಗೆ

ಈಗ ಶಿರಸಿ, ಕಾರವಾರದಲ್ಲಿ ಕೂತವರ ಮಾತು. ನೇರವಾಗಿ ಹೇಳುತ್ತೇನೆ: ಅಮೆರಿಕದ ಪುರಾತನ ವಸ್ತುವಿನ ರಿಯಾಯಿತಿ ಇಲ್ಲಿ ನಡೆಯುವುದಿಲ್ಲ. ನಮ್ಮ 1959ರ ಆಯುಧ ಕಾಯ್ದೆ ಸ್ಫೋಟಕದ ಬಲದಿಂದ ಗುಂಡು ಹಾರಿಸುವ ಯಾವುದನ್ನೂ ಬಂದೂಕು ಎಂದೇ ಕರೆಯುತ್ತದೆ. ಬಾಯಿಂದ ತುಂಬುವುದೋ ಹಿಂದಿನಿಂದ ತುಂಬುವುದೋ ಎಂಬುದರಿಂದ ಲೈಸೆನ್ಸ್ ತಪ್ಪುವುದಿಲ್ಲ. ಹಳೇ ಆಯುಧಗಳಿಗೆ ಒಂದು ವಿನಾಯಿತಿ ಇದೆ, ಆದರೆ ರಿಪೇರಿ ಮಾಡಿದರೂ ಹೊಡೆಯಲು ಬಾರದಂಥವಕ್ಕೆ ಮಾತ್ರ. ಇಟಲಿಯ ಹೊಚ್ಚಹೊಸ ರಿವಾಲ್ವರಿಗೆ ಆ ಬಾಗಿಲು ಮುಚ್ಚಿದೆ.

ಅಮೆರಿಕದಿಂದ ಬರುವಾಗ ಬ್ಯಾಗಿನಲ್ಲಿ ತರುತ್ತೇನೆ ಎನ್ನುವವರಿದ್ದಾರೆ. ಬೇಡ. ಮದ್ದು, ಕೇಪು ವಿಮಾನಕ್ಕೇ ಹತ್ತುವುದಿಲ್ಲ. ಬಂದೂಕು ಆಮದು ಸಾಮಾನ್ಯ ಜನರಿಗೆ 1980ರ ದಶಕದಿಂದಲೇ ಹೆಚ್ಚುಕಡಿಮೆ ಬಂದ್. ಹೆಸರು ಮಾಡಿದ ಶೂಟರ್‌ಗಳಿಗೆ ಕೊಟ್ಟ ಅವಕಾಶ ಬೇರೆ. ಊರ ಕಮ್ಮಾರನ ಹತ್ತಿರ ಮಾಡಿಸುತ್ತೇನೆ ಎಂಬ ಮಾತಂತೂ ಜೈಲಿಗೇ ದಾರಿ. ಮಾಡಿದವನಿಗೂ ಮಾಡಿಸಿದವನಿಗೂ.

ಹಾಗಾದರೆ ತೋಟಿಗರ ಕೋವಿ? ಅದಕ್ಕೆ ಕಾಯ್ದೆಯಲ್ಲೇ ಜಾಗ ಇದೆ. ಬೆಳೆ ಕಾಯಲು ಬಾಯಿಂದ ತುಂಬುವ ಕೋವಿ ಬೇಕೆಂದು ನಿಜವಾಗಿ ಬೇಸಾಯ ಮಾಡುವವರು ಕೇಳಿದರೆ ಲೈಸೆನ್ಸ್ ಕೊಡಬೇಕು ಎಂದು 13ನೇ ಕಲಂ ಹೇಳುತ್ತದೆ. ಕೊಡುವವರು ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದರೆ ಕಾರವಾರದ ಜಿಲ್ಲಾಧಿಕಾರಿ. ಪೊಲೀಸ್ ವಿಚಾರಣೆ ಆಗುತ್ತದೆ, ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಕೇಳುತ್ತಾರೆ. ಘಟ್ಟದ ಮೇಲಿನವರಿಗೆ ದೇವಿಮನೆ ಘಟ್ಟ ಇಳಿದು ಹತ್ತುವ ಕೆಲಸ ಒಂದೆರಡು ಸಲಕ್ಕೆ ಮುಗಿಯುವುದಿಲ್ಲ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾಗುತ್ತದೆ, ಮಂಗಗಳಿಗೆ ಮಾತ್ರ ನೀತಿ ಸಂಹಿತೆ ಇಲ್ಲ. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿಯಿತು. ಕೊಡಗಿನಲ್ಲಿ ಲೈಸೆನ್ಸ್ ಬೇಡವಂತೆ ಎಂದು ವಾದಿಸುವವರಿಗೆ: ಆ ವಿನಾಯಿತಿ ಕೊಡವರಿಗೆ ಮತ್ತು ಅಲ್ಲಿನ ಜಮ್ಮಾ ಎಂಬ ಹಳೇ ವಂಶಪಾರಂಪರ್ಯ ಭೂ ಹಿಡುವಳಿ ಇರುವವರಿಗೆ. ಉತ್ತರ ಕನ್ನಡಕ್ಕೆ ಅದು ಬರುವುದಿಲ್ಲ.

ಇದು ಬೆಳೆ ಕಾಯುವ ಲೈಸೆನ್ಸ್, ಬೇಟೆಯದ್ದಲ್ಲ. ಭಾನುವಾರ ಗೆಳೆಯರನ್ನು ಕರೆದು ಡಬ್ಬಿಗೆ ಗುರಿ ಇಡುವುದಕ್ಕೂ ಅಲ್ಲ. ದಾಂಡೇಲಿ, ಅಣಶಿ ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಕೋವಿ ಹಿಡಿದು ಸಿಕ್ಕರೆ ಅರಣ್ಯ ಇಲಾಖೆ ಕಥೆ ಕೇಳುವುದಿಲ್ಲ. ಅಜ್ಜ ತೀರಿಕೊಂಡು ಅವರ ಹೆಸರಿನ ಕೋವಿ ಮನೆಯಲ್ಲಿ ಉಳಿದಿದ್ದರೂ ಸುಮ್ನೆ ಇಟ್ಟುಕೊಳ್ಳಬೇಡಿ. ಠಾಣೆಗೆ ತಿಳಿಸಿ ಒಪ್ಪಿಸಿ, ವಾರಸುದಾರರು ತಮ್ಮ ಹೆಸರಿಗೆ ಬೇರೆ ಅರ್ಜಿ ಹಾಕಬೇಕು.

ಇನ್ನು ಮಾಮೂಲಿ ರಿವಾಲ್ವರಿನ ಲೈಸೆನ್ಸೇ ಸಿಕ್ಕಿತು ಅಂತಿಟ್ಟುಕೊಳ್ಳಿ. ಕಾನ್ಪುರದ ಸರ್ಕಾರಿ ಕಾರ್ಖಾನೆಯ ನಿರ್ಭೀಕ್ ಎಂಬ ಸಣ್ಣ ರಿವಾಲ್ವರ್ 2014ರಲ್ಲಿ ಬಂದಾಗಲೇ ಬೆಲೆ 1.22 ಲಕ್ಷ ದಾಟಿತ್ತು. ಕಡಿಮೆ ಖರ್ಚು ಎಂಬ ಮಾತೇ ಅಲ್ಲಿ ಮುಗಿಯಿತು.

ಹತ್ತು ಮೀಟರ್ ಸಾಕು

ಹಾಗಾಗಿ ನಮ್ಮ ಜಿಲ್ಲೆಯಲ್ಲಿ ಗುರಿ ಹೊಡೆಯುವ ಆಸೆ ಇದ್ದವರಿಗೆ ನಾನು ತೋರಿಸುವ ದಾರಿ ಏರ್ ಪಿಸ್ತೂಲ್. 4.5 ಮಿಲಿಮೀಟರ್ ಮೀರದ ನಳಿಗೆ, 20 ಜೂಲ್ ಒಳಗಿನ ಶಕ್ತಿಯ ಗಾಳಿಬಂದೂಕಿಗೆ 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡ. ಕೊಳ್ಳುವಾಗ ಗುರುತಿನ ಚೀಟಿ ಕೊಡಬೇಕು, ರಸೀದಿ ಜೋಪಾನವಾಗಿ ಇಟ್ಟುಕೊಳ್ಳಬೇಕು. ಇದು ಕೂಡ ಆಟಿಕೆಯಲ್ಲ. ಹಕ್ಕಿಗೆ ಹೊಡೆದರೆ ವನ್ಯಜೀವಿ ಕಾಯ್ದೆಯ ಕೇಸು.

ಇದಕ್ಕೂ ಕಪ್ಪು ಮದ್ದಿನ ರಿವಾಲ್ವರಿಗೂ ಏನು ಸಂಬಂಧ ಎಂದು ಕೇಳಬಹುದು. ಕಲಿಯುವ ವಿದ್ಯೆ ಒಂದೇ. ಒಂದು ಕೈಯಲ್ಲಿ ಹಿಡಿದು, ಮುಂದಿನ ನೋಟದ ಮೇಲೆ ಕಣ್ಣಿಟ್ಟು, ಉಸಿರು ನಿಲ್ಲಿಸಿ, ಟ್ರಿಗರನ್ನು ಜಗ್ಗದೆ ಒತ್ತುವುದು. ಬಾಯಿಂದ ತುಂಬುವ ಬಂದೂಕುಗಳಿಗೆ ಒಂದು ಅಂತಾರಾಷ್ಟ್ರೀಯ ಸಮಿತಿ 1971ರಿಂದ ಇದೆ. ಅದರ ಕೇಪಿನ ರಿವಾಲ್ವರ್ ಸ್ಪರ್ಧೆ ಮರಿಯೆಟ್‌ನಲ್ಲಿ 25 ಮೀಟರ್ ದೂರಕ್ಕೆ ಅರ್ಧ ಗಂಟೆಯಲ್ಲಿ 13 ಈಡು. ಅದರಲ್ಲಿ ಒಳ್ಳೆಯ ಹತ್ತನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಒಲಿಂಪಿಕ್ಸಿನ ಏರ್ ಪಿಸ್ತೂಲಿನಲ್ಲಿ 10 ಮೀಟರಿಗೆ ಒಂದೂ ಕಾಲು ಗಂಟೆಯಲ್ಲಿ 60. ಎರಡರಲ್ಲೂ ಒಂದೊಂದು ಈಡಿಗೆ ಒಂದು ನಿಮಿಷಕ್ಕೂ ಹೆಚ್ಚು ಸಮಯ. ಇಲ್ಲಿ ಗೆಲ್ಲುವುದು ತಾಳ್ಮೆ.

ಜಾಗದ ಚಿಂತೆಯೂ ಇಲ್ಲ. ಅಡಿಕೆ ಒಣಗಿಸುವ ಅಂಗಳ ಹತ್ತು ಮೀಟರಿಗಿಂತ ಉದ್ದವೇ ಇರುತ್ತದೆ. ಮಳೆಗಾಲಕ್ಕೆ ಉದ್ದನೆಯ ಜಗಲಿ ಸಿಕ್ಕರೆ ಅದೂ ಆಯಿತು. ಗುರಿಯ ಹಿಂದೆ ಗಟ್ಟಿ ಮಣ್ಣಿನ ಗೋಡೆಯೋ, ಹಳೇ ಬಟ್ಟೆ ಒತ್ತಿ ತುಂಬಿದ ಮರದ ಪೆಟ್ಟಿಗೆಯೋ ಇರಲಿ. ಕಲ್ಲಿನ ಗೋಡೆ ಮಾತ್ರ ಬೇಡ, ಪೆಲೆಟ್ (ಗಾಳಿಬಂದೂಕಿನ ಸಣ್ಣ ಗುಂಡು) ತಿರುಗಿ ಬರುತ್ತದೆ. ಗುರಿಯ ಹಿಂದೆ, ಪಕ್ಕದಲ್ಲಿ ಬಾಗಿಲು ಇರಬಾರದು. ಮಕ್ಕಳು, ದನ, ನಾಯಿ ಯಾವ ಕಡೆಯಿಂದ ನುಗ್ಗಿ ಬರುತ್ತವೆ ಎಂದು ಮೊದಲೇ ನೋಡಿಕೊಳ್ಳಬೇಕು. ಹೊಡೆದು ಮುಗಿಸಿದ ಮೇಲೆ ಕೈ ತೊಳೆಯದೆ ಊಟಕ್ಕೆ ಕೂರಬಾರದು, ಪೆಲೆಟ್ ಕೂಡ ಸೀಸವೇ.

ಪಿಸ್ತೂಲಿನ ಬೆಲೆ ಕೆಲವು ಸಾವಿರದಿಂದ ಶುರುವಾಗಿ, ಸ್ಪರ್ಧೆಯ ದರ್ಜೆಯ ವಿದೇಶಿ ಮಾಲಿಗೆ ಲಕ್ಷ ದಾಟುತ್ತದೆ. ಶುರುವಿಗೆ ದೊಡ್ಡದು ಬೇಡ. ಬೆಂಗಳೂರು, ಹುಬ್ಬಳ್ಳಿ ಕಡೆ ಹೋಗುವವರು ಅಲ್ಲಿನ ಶೂಟಿಂಗ್ ಕ್ಲಬ್ಬಿಗೆ ಮೊದಲು ಹೋಗಿ ಅವರ ಪಿಸ್ತೂಲಿನಲ್ಲೇ ಹೊಡೆದು ನೋಡಲಿ. ಮುಂದೆ ಸ್ಪರ್ಧೆಗೆ ಇಳಿದು ರಾಜ್ಯ ರೈಫಲ್ ಸಂಸ್ಥೆಯ ಸದಸ್ಯರಾದರೆ, ಗುರಿ ಶೂಟರ್ ಎಂಬ ನೆಲೆಯಲ್ಲಿ ನಿಜವಾದ ಬಂದೂಕಿನ ಲೈಸೆನ್ಸ್ ಕೇಳುವ ದಾರಿ ಕ್ರಮೇಣ ತೆರೆಯುತ್ತದೆ.

ಗುರಿಯ ಕಾಗದವನ್ನು ಒಮ್ಮೆ ಅಳೆದು ನೋಡಿ. ಏರ್ ಪಿಸ್ತೂಲಿನ ಕಾಗದದಲ್ಲಿ ಹತ್ತು ಅಂಕದ ನಡುವಿನ ಸುತ್ತು 11.5 ಮಿಲಿಮೀಟರ್. .44 ರಿವಾಲ್ವರಿಗೆ ಹಾಕುವ .454 ಇಂಚಿನ ಸೀಸದ ಗುಂಡಿನ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಹತ್ತು ಮೀಟರಿನಿಂದ ಆ ಚುಕ್ಕೆಗೆ ಹತ್ತಕ್ಕೆ ಐದು ಸಲ ತಾಗಿಸಲು ಬಂದವನು ಟೆಕ್ಸಾಸಿಗೆ ಹೋದಾಗ ಅಳಿಯನದೋ ತಮ್ಮನ ಮಗನದೋ ರೆಮಿಂಗ್ಟನ್ ಹಿಡಿದು ಗುರಿಕಟ್ಟೆಯಲ್ಲಿ ನಿಂತರೆ, ಹೊಸದಾಗಿ ಕಲಿಯಬೇಕಾದದ್ದು ಮದ್ದು ತುಂಬುವುದು ಮತ್ತು ತೊಳೆಯುವುದು ಮಾತ್ರ. ಅದೂ ಅಲ್ಲಿನ ರೇಂಜ್‌ನವರು ಹೊರಗಿನವರಿಗೆ ಹೊಡೆಯಲು ಬಿಡುತ್ತಾರಾ ಎಂದು ಮೊದಲೇ ಕೇಳಿಕೊಂಡಿದ್ದರೆ.